ದಿಗಿಲು, ಕಳವಳ ಮತ್ತು ಅಮ್ಮನ ಕೈಗಡಿಯಾರ

ಒಂದು ಪದದ ಬಗ್ಗೆ ನಾಲ್ಕು ಸಾಲು ಬರೆಯೋಣ ಅಂತ ಕೂತೆ, ಅದು ಎಲ್ಲೆಲ್ಲಿಗೋ ಎಳ್ಕೊಂಡು ಹೋಯ್ತು. ಉದ್ದ ಆಗಿದೆ, ಪುರುಸೊತ್ತಿದ್ದಾಗ ಓದಿ.

ಪದ ಯಾವುದು ಅಂದ್ರೆ 'ಟೆನ್ಶನ್'. ಐವತ್ತು ದಾಟಿದ ಹೆಂಗಸು ರಾತ್ರಿ ಎದೆ ಡವಡವ ಅನ್ನುತ್ತೆ ಅಂದ್ರೆ ಟೆನ್ಶನ್. ನಿದ್ದೆ ಹತ್ತಲ್ಲ ಅಂದ್ರೆ ಟೆನ್ಶನ್. ಬೆಳಿಗ್ಗೆ ತಲೆ ಭಾರ, ಮಧ್ಯಾಹ್ನ ಕೂತಲ್ಲೇ ತೂಕಡಿಕೆ, ಸಣ್ಣದಕ್ಕೆಲ್ಲ ಸಿಡಿಮಿಡಿ, ಎಲ್ಲಾ ಟೆನ್ಶನ್. ಗಂಡಸಿಗೆ ಇದೇ ಆದ್ರೆ ಯಾರಾದ್ರೂ "ಗೊರಕೆ ಹೊಡೀತೀರಾ?" ಅಂತ ಒಂದು ಮಾತು ಕೇಳ್ತಾರೆ. ಹೆಂಗಸನ್ನ ಕೇಳಲ್ಲ. ಕೇಳಿದ್ರೂ ಅವಳು ಒಪ್ಪಲ್ಲ, ಅದು ಬೇರೆ ವಿಷಯ :)

ನನ್ನ ಅಮ್ಮನಿಗೂ ಈ ಪದ ಅಂಟಿಕೊಂಡಿತ್ತು. 2022ರಲ್ಲಿ ಅಪ್ಪ ಹೋದರು. ಅಮ್ಮನಿಗೆ ಆಗ 61. ಸಾಗರದ ಮನೆಗೆ ಬೀಗ ಹಾಕಿ ಬೆಂಗಳೂರಿಗೆ ನನ್ನ ಜೊತೆ ಬಂದಳು. ಬಂದ ಕೆಲವೇ ತಿಂಗಳಲ್ಲಿ ರಾತ್ರಿ ಧಿಗ್ಗನೆ ಎದ್ದು ಕೂರೋದು ಶುರುವಾಯ್ತು. ಎದೆ ಹೊಡ್ಕೊಳ್ಳತ್ತೆ, ಮೈ ಬೆವರತ್ತೆ, ಕಿಟಕಿ ತೆಗಿ ಅಂತಾಳೆ. ಗಂಡ ಸತ್ತಿದ್ದಾರೆ, ಊರು ಬಿಟ್ಟಿದ್ದಾಳೆ, ಇನ್ನೇನು ಕಾರಣ ಬೇಕು? ತೋರಿಸಿದ ಮೊದಲ ಡಾಕ್ಟರೂ ಹಾಗೇ ಅಂದರು, ಒಂದು ಸಣ್ಣ ಮಾತ್ರೆ ಕೊಟ್ಟರು. ಅವರು ಹೇಳಿದ್ದು ಪೂರ್ತಿ ಸುಳ್ಳೇನೂ ಆಗಿರಲಿಲ್ಲ ಅನ್ನೋದು ಮುಂದೆ ಗೊತ್ತಾಗತ್ತೆ.

ಸ್ಲೀಪ್ ಆಪ್ನಿಯಾ ಅನ್ನೋ ಹೆಸರನ್ನ ನಮ್ಮಲ್ಲಿ ತುಂಬಾ ಜನ ಕೇಳಿದ್ದು 2022ರ ಫೆಬ್ರವರಿಯಲ್ಲಿ, ಬಪ್ಪಿ ಲಾಹಿರಿ ತೀರಿಕೊಂಡಾಗ. ನಿದ್ದೆಯಲ್ಲಿ ಗಂಟಲಿನ ಮಾಂಸಖಂಡ ಸಡಿಲವಾಗಿ ಉಸಿರಿನ ದಾರಿ ಮುಚ್ಚಿಕೊಳ್ಳತ್ತೆ. ಎದೆ, ಹೊಟ್ಟೆ ಉಸಿರೆಳೆಯೋಕೆ ಒದ್ದಾಡ್ತಾ ಇರತ್ತೆ, ಗಾಳಿ ಮಾತ್ರ ಒಳಗೆ ಹೋಗಲ್ಲ. ಕನಿಷ್ಠ 10 ಸೆಕೆಂಡು ಹೀಗೆ ನಿಂತರೆ ಅದು ಒಂದು ಆಪ್ನಿಯಾ. ಪೂರ್ತಿ ನಿಲ್ಲದೆ ಅರ್ಧಂಬರ್ಧ ಆದರೆ ಹೈಪಾಪ್ನಿಯಾ. ಎರಡನ್ನೂ ಸೇರಿಸಿ ಗಂಟೆಗೆ ಎಷ್ಟು ಅಂತ ಲೆಕ್ಕ ಹಾಕ್ತಾರೆ. ಐದರೊಳಗೆ ಇದ್ದರೆ ಸರಿ, 5ರಿಂದ 15 ಅಲ್ಪ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ.

ಉಸಿರು ನಿಂತಾಗ ರಕ್ತದಲ್ಲಿ ಆಮ್ಲಜನಕ ಇಳಿಯತ್ತೆ. ಮೆದುಳು ಗಾಬರಿಬಿದ್ದು ಅಲಾರಂ ಹೊಡೆಯತ್ತೆ, ಅಡ್ರಿನಲಿನ್ ನುಗ್ಗತ್ತೆ, ಎದೆಬಡಿತ ಏರತ್ತೆ, ಮನುಷ್ಯ ಅರೆಬರೆ ಎಚ್ಚರಾಗಿ ಒಂದು ದೊಡ್ಡ ಉಸಿರು ಎಳೀತಾನೆ, ಮತ್ತೆ ಮಲಗ್ತಾನೆ. ಬಹಳ ಸಲ ಅದು ನೆನಪೂ ಇರಲ್ಲ. ಕೆಲವೊಮ್ಮೆ ಮಾತ್ರ ಪೂರ್ತಿ ಎಚ್ಚರಾಗತ್ತೆ. ಆಗ ಅವನಿಗೆ ಗೊತ್ತಾಗೋದು ಉಸಿರು ನಿಂತಿದ್ದಲ್ಲ, ಅಡ್ರಿನಲಿನ್ ಮಾಡಿದ ಕೆಲಸ. ಎದೆ ಬಡೀತಿದೆ, ಬೆವರು, ಏನೋ ಭಯ. ಇನ್ನು ಪ್ಯಾನಿಕ್ ಅಟ್ಯಾಕ್ ಅಂದ್ರೂ ಇದೇ ಅಲ್ವಾ? ಎದೆಬಡಿತ, ಬೆವರು, ಉಸಿರು ಕಟ್ಟಿದ ಹಾಗೆ, ಭಯ. ಪ್ಯಾನಿಕ್ ಅನ್ನೋದು ಮೆದುಳಿನೊಳಗಿರೋ ಉಸಿರುಗಟ್ಟುವಿಕೆಯ ಅಲಾರಂ ಸುಳ್ಳುಸುಳ್ಳೇ ಹೊಡ್ಕೊಳ್ಳೋದು ಅಂತ ಅಮೆರಿಕದ ಡೊನಾಲ್ಡ್ ಕ್ಲೈನ್ ಅನ್ನೋ ಮನೋವೈದ್ಯರು 1993ರಲ್ಲಿ ಒಂದು ವಾದ ಮುಂದಿಟ್ಟರು. ಅದನ್ನ ಎಲ್ಲರೂ ಒಪ್ಪಿಲ್ಲ. ಆದ್ರೆ ನನಗೆ ಅದು ತುಂಬಾ ಕೆಲಸಕ್ಕೆ ಬಂತು. ಅಮ್ಮನಿಗೆ ಹೊಡ್ಕೊಳ್ತಾ ಇರೋದು ನಿಜದ ಅಲಾರಮ್ಮೋ ಸುಳ್ಳು ಅಲಾರಮ್ಮೋ, ಪ್ರಶ್ನೆ ಅಷ್ಟೇ.

ಇದಕ್ಕೆ ಉತ್ತರ ಸಿಗದೇ ಇರೋಕೆ ಒಂದು ಕಾರಣ ಇದೆ. ಆತಂಕ ಅಳೆಯೋಕೆ ಡಾಕ್ಟರುಗಳು ಕೊಡೋ ಏಳು ಪ್ರಶ್ನೆಗಳ ಒಂದು ಪಟ್ಟಿ ಇದೆ, 2006ರಲ್ಲಿ ಬಂದದ್ದು, ಜಿಎಡಿ-7 ಅಂತ. ಅದು ಕೇಳೋದು "ಕಳೆದ ಎರಡು ವಾರದಲ್ಲಿ ಎಷ್ಟು ದಿನ ಹೀಗಾಯ್ತು" ಅಂತ. ಆಪ್ನಿಯಾ ಪರೀಕ್ಷೆ ನೋಡೋದು ಲ್ಯಾಬಿನಲ್ಲಿ ಕಳೆದ ಒಂದೇ ಒಂದು ರಾತ್ರಿಯನ್ನ. ಒಂದು ಎರಡು ವಾರದ ಕಲಸುಮೇಲೋಗರ, ಇನ್ನೊಂದು ಒಂದು ರಾತ್ರಿಯ ಸೆಕೆಂಡು ಸೆಕೆಂಡಿನ ಲೆಕ್ಕ. ಎರಡೂ ಒಂದೇ ಗಡಿಯಾರದ ಮೇಲೆ ಭೇಟಿಯಾಗೋದೇ ಇಲ್ಲ. ಮಂಗಳವಾರ ಬೆಳಗಿನ ಜಾವ 4:35ಕ್ಕೆ ಬಂದ ಭಯಕ್ಕೂ ಅದೇ 4:34ಕ್ಕೆ ಉಸಿರು ಹೇಗಿತ್ತು ಅನ್ನೋದಕ್ಕೂ ಗಂಟು ಹಾಕೋರು ಯಾರು?

ಮೊದಲೆಲ್ಲ ಪಕ್ಕದಲ್ಲಿ ಮಲಗಿದೋರು ಹಾಕ್ತಿದ್ದರು. "ನಿನ್ನೆ ರಾತ್ರಿ ನಿಂಗೆ ಉಸಿರೇ ನಿಂತ ಹಾಗಾಗಿತ್ತು ಮಾರಾಯ್ತಿ" ಅಂತ ಹೇಳೋಕೆ ಒಬ್ಬರು ಬೇಕು. ಆಪ್ನಿಯಾ ಅನುಮಾನ ಇದೆಯಾ ನೋಡೋಕೆ 2008ರಲ್ಲಿ ಟೊರಾಂಟೊದ ಫ್ರಾನ್ಸಿಸ್ ಚುಂಗ್ ಮತ್ತವರ ಜೊತೆಯವರು ಮಾಡಿದ ಎಂಟು ಪ್ರಶ್ನೆಗಳ ಪಟ್ಟಿಯಲ್ಲೂ ಅದೊಂದು ಪ್ರಶ್ನೆ ಇದೆ: ನಿದ್ದೆಯಲ್ಲಿ ನಿಮ್ಮ ಉಸಿರು ನಿಂತಿದ್ದನ್ನ ಯಾರಾದ್ರೂ ನೋಡಿದ್ದಾರಾ? ಅಮ್ಮನಿಗೆ ನೋಡೋರು ಯಾರಿದ್ದರು? ಅಪ್ಪನ ಜೊತೆ ಆ ಸಾಕ್ಷಿಯೂ ಹೋಗಿತ್ತು. ಜೋರು ಗೊರಕೆಗೆ ಒಂದು ಅಂಕ, ಗಂಡಸಾಗಿದ್ದರೆ ಇನ್ನೊಂದು ಅಂಕ. ಅಮ್ಮನಿಗೆ ಎರಡೂ ಇಲ್ಲ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಆಪ್ನಿಯಾ ಹೆಚ್ಚಾಗತ್ತೆ. ಜೋರು ಗೊರಕೆಗಿಂತ ನಿದ್ದೆಗೇಡು, ಸುಸ್ತು, ಆತಂಕ ಅಂತಲೇ ಅದು ಮುಖ ತೋರಿಸೋದೂ ಹೆಂಗಸರಲ್ಲಿ ಹೆಚ್ಚು. ಹಾಗಾಗಿ ಟೆನ್ಶನ್ ಅನ್ನೋ ಪದದ ಕೆಳಗೆ ಅದು ಆರಾಮಾಗಿ ಅಡಗಿ ಕೂರತ್ತೆ.

ನಾನು ಹೊಸ ವಾಚ್ ತಗೊಂಡು ಹಳೇದು ಅಮ್ಮನ ಕೈಗೆ ಬಂದಿದ್ದು ಈ ಹೊತ್ತಿನಲ್ಲೇ. ಹೆಜ್ಜೆ ಎಣಿಸೋಕೆ ಅಂತ ಕೊಟ್ಟಿದ್ದು. ಗಾಜಿನ ಬಳೆ ತೆಗೆದ ಮೇಲೆ ಬೋಳಾಗಿದ್ದ ಕೈ, ಸುಮ್ಮನೆ ಕಟ್ಟಿಸಿಕೊಂಡಳು. ಆ ವಾಚು ರಾತ್ರಿಯಿಡೀ ಎದೆಬಡಿತ, ಆಮ್ಲಜನಕ ಎರಡನ್ನೂ ಬರೆದಿಡತ್ತೆ. ಒಂದು ವಾರ ಆದಮೇಲೆ ಗ್ರಾಫ್ ನೋಡಿದೆ. ಮಧ್ಯರಾತ್ರಿವರೆಗೆ ಹೆಚ್ಚುಕಮ್ಮಿ ಸಪಾಟು. ಬೆಳಗಿನ ಜಾವ ಆಗ್ತಾ ಆಗ್ತಾ ನಮ್ಮ ಸಾಗರದ ರಸ್ತೆ ಮಳೆಗಾಲ ಮುಗಿದ ಮೇಲೆ ಕಾಣೋ ಹಾಗೆ ಬರೀ ಗುಂಡಿ.

ಅದನ್ನ ಹಿಡ್ಕೊಂಡು ನಿದ್ರೆಯ ಬಗ್ಗೆ ನೋಡೋ ಒಬ್ಬರು ಡಾಕ್ಟರ ಹತ್ತಿರ ಹೋದ್ವಿ. ಪುಣ್ಯಾತ್ಮರು, ವಾಚ್ ನೋಡಿ ನಗಲಿಲ್ಲ. ಹಾಗಂತ ನಂಬಲೂ ಇಲ್ಲ. "ಇದರ ಜೊತೆ ಅಮ್ಮನ ಕೈಲಿ ಒಂದು ಪುಸ್ತಕ ಬರೆಸಿ. ರಾತ್ರಿ ಎದ್ದ ಟೈಮು, ಏನಾಯ್ತು, ಭಯ ಹತ್ತರಲ್ಲಿ ಎಷ್ಟು. ವಾಚ್ ನೋಡಿ ಬರೀಬಾರದು, ಮೊದಲು ಬರೀಬೇಕು" ಅಂದರು. ಆ ಕೊನೆ ಮಾತು ಮುಖ್ಯ. ನಂಬರ್ ನೋಡಿದ ಮೇಲೆ ಭಯ ಅದಕ್ಕೆ ತಕ್ಕ ಹಾಗೆ ತನ್ನನ್ನ ತಿದ್ದಿಕೊಳ್ಳತ್ತೆ.

ಯಾವುದೋ ಬ್ಯಾಂಕಿನ ಹಳೇ ಡೈರಿ ಹುಡುಕಿ ಕೊಟ್ಟೆ. ಮೊದಲ ತಾಪತ್ರಯ ಗೋಡೆ ಗಡಿಯಾರದ್ದು. ನಮ್ಮನೇಲಿ ಅದು ಯಾವಾಗಲೂ ಹತ್ತು ನಿಮಿಷ ಮುಂದೆ (ನಿಮ್ಮನೇಲೂ ಹಾಗೇ ಇರತ್ತೆ, ಸುಳ್ಳು ಹೇಳ್ಬೇಡಿ). ಎರಡು ಲೆಕ್ಕ ಒಂದೇ ಸಮಯಕ್ಕೆ ಕೂಡಿಸಬೇಕಾದರೆ ಹತ್ತು ನಿಮಿಷ ಅಂದ್ರೆ ಪೂರ್ತಿ ಬೇರೆ ಕಥೆ. ಅದನ್ನ ಸರಿಮಾಡಿದ್ದಾಯ್ತು. ಎರಡನೇದು ಪಟ್ಟಿಯದ್ದು. ವಾಚು ಮಣಿಕಟ್ಟಿನ ಮೂಳೆಗಿಂತ ಸ್ವಲ್ಪ ಮೇಲೆ ಬಿಗಿಯಾಗಿ ಕೂರಬೇಕು. ಸಡಿಲ ಇದ್ದರೆ, ಅಥವಾ ಆ ಕೈ ಮೇಲೇ ಮಲಗಿದರೆ, ಇಲ್ಲದ ಗುಂಡಿಯನ್ನೂ ತೋರಿಸತ್ತೆ.

ಅದು ಯಾಕೆ ಅಂತಲೂ ಹೇಳಿಬಿಡ್ತೀನಿ. ವಾಚಿನ ಬೆನ್ನಲ್ಲಿ ಕೆಂಪು ಮತ್ತು ಇನ್‌ಫ್ರಾರೆಡ್ ದೀಪ ಇರತ್ತೆ. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಒಂದು ಥರ, ಹೊರದೇ ಇರೋದು ಇನ್ನೊಂದು ಥರ ಬೆಳಕನ್ನ ಹೀರತ್ತೆ. ಆ ವ್ಯತ್ಯಾಸದಿಂದ ಲೆಕ್ಕ. 1970ರ ದಶಕದಲ್ಲಿ ಈ ಉಪಾಯ ಕಂಡುಹಿಡಿದವರು ಜಪಾನಿನ ತಕುವೊ ಅವೊಯಾಗಿ. ಕೋವಿಡ್ ಬಂದು ಜನ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿಕೊಳ್ಳೋಕೆ ಶುರು ಮಾಡಿದ 2020ರಲ್ಲೇ ಅವರು ತೀರಿಕೊಂಡರು. ಬೆರಳಿನ ಯಂತ್ರದಲ್ಲಿ ಬೆಳಕು ಆಚೆಯಿಂದ ಈಚೆಗೆ ಹಾಯತ್ತೆ. ಮಣಿಕಟ್ಟಿನಲ್ಲಿ ಹಾಗಾಗಲ್ಲ, ತಿರುಗಿ ಬಂದ ಅಲ್ಪಸ್ವಲ್ಪ ಬೆಳಕನ್ನೇ ಓದಬೇಕು. ಚರ್ಮದ ಬಣ್ಣವೂ ನಡುವೆ ಬರತ್ತೆ. ಅಮೆರಿಕದ ಆಸ್ಪತ್ರೆಗಳ ಆಕ್ಸಿಮೀಟರುಗಳೇ ಕಪ್ಪು ಜನರ ಆಮ್ಲಜನಕದ ಕುಸಿತವನ್ನ ಬಿಳಿಯರದ್ದಕ್ಕಿಂತ ಹೆಚ್ಚು ಸಲ ತಪ್ಪಿಸಿಕೊಳ್ತವೆ ಅಂತ 2020ರ ಡಿಸೆಂಬರಿನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ನಿನಲ್ಲಿ ಬಂದಿತ್ತು. ನಮ್ಮ ಮೈಬಣ್ಣದೋರು ಇದನ್ನ ನೆನಪಿಟ್ಟುಕೊಳ್ಳಬೇಕು.

ಇನ್ನು 'ಸ್ಟ್ರೆಸ್' ಅಂತ ವಾಚು ತೋರಿಸೋ ನಂಬರ್ ಬಗ್ಗೆ. ಸಾಮಾನ್ಯವಾಗಿ ಅದು ಎರಡು ಎದೆಬಡಿತದ ನಡುವಿನ ಅಂತರ ಎಷ್ಟು ಹಿಗ್ಗಿ ಕುಗ್ಗತ್ತೆ ಅನ್ನೋದರ ಲೆಕ್ಕ. ಆರಾಮಾಗಿದ್ದಾಗ ಅಂತರ ಉಸಿರಿನ ಜೊತೆ ಹಿಗ್ಗಿ ಕುಗ್ಗತ್ತೆ, ಆತಂಕದಲ್ಲಿ ಬಿಗಿಯಾಗತ್ತೆ. ಹಗಲಲ್ಲಿ ಕೂತಿರುವಾಗ ಇದು ಒಂದು ಮಟ್ಟಕ್ಕೆ ಸರಿ. ಆಪ್ನಿಯಾ ಇರೋರ ರಾತ್ರಿಯಲ್ಲಿ ಎದೆಬಡಿತ ಉಸಿರು ನಿಂತಾಗ ಇಳಿದು, ಎಚ್ಚರಾದಾಗ ಏರಿ, ಅಲೆಅಲೆಯಾಗಿ ಓಡ್ತಾ ಇರತ್ತೆ. ಫ್ರಾನ್ಸಿನಿಂದ ಅಮೆರಿಕಕ್ಕೆ ಹೋದ ಕ್ರಿಶ್ಚಿಯನ್ ಗಿಲ್ಲೆಮಿನೊ 1984ರಷ್ಟು ಹಿಂದೆಯೇ ಈ ಅಲೆಯ ಬಗ್ಗೆ ಬರೆದಿದ್ದರು. ಈ ಅಲೆಯಿಂದಾಗಿ ಕೆಲವು ಬಗೆಯ ಲೆಕ್ಕದಲ್ಲಿ ಅಂತರದ ಹಿಗ್ಗುಕುಗ್ಗು ಚೆನ್ನಾಗಿಯೇ ಇದೆ ಅಂತ ಕಾಣತ್ತೆ! ಬೆವರು ಅಳೆಯೋ ವಾಚೂ ಬಂದಿದೆ, 2020ರ ಫಿಟ್‌ಬಿಟ್ ಸೆನ್ಸ್‌ನಲ್ಲಿ ಆ ಸೆನ್ಸರ್ ಇತ್ತು. ಆದ್ರೆ ಆಪ್ನಿಯಾದಲ್ಲೂ ಬೆವರತ್ತೆ, ಭಯದಲ್ಲೂ ಬೆವರತ್ತೆ, ಕರೆಂಟ್ ಹೋಗಿ ಫ್ಯಾನ್ ನಿಂತರೂ ಬೆವರತ್ತೆ. ವಾಚಿಗೆ ಗೊತ್ತಾಗೋದು ಮೈ ಕಲಕಿದೆ ಅನ್ನೋದಷ್ಟೇ. ಕಲಕಿದ್ದು ಯಾರು ಅಂತ ಅದು ಹೇಳಲಾರದು.

ಆ ಕೆಲಸ ಅಮ್ಮನ ಡೈರಿ ಮಾಡ್ತು.

23 ರಾತ್ರಿ ಬರೆದಳು. ಒಟ್ಟು 14 ಸಲ ಎದ್ದಿದ್ದು. ಟೈಮು, ಹತ್ತರಲ್ಲಿ ಎಷ್ಟು, ಎಲ್ಲ ಬರೆದಿದ್ದಳು. ಆದ್ರೆ ನನ್ನ ಕಣ್ಣು ಹಿಡಿದದ್ದು ಅವಳು ಬಳಸಿದ ಪದಗಳು. ಕೆಲವು ಕಡೆ "ದಿಗಿಲು" ಅಂತ ಬರೆದಿದ್ದಾಳೆ, ಕೆಲವು ಕಡೆ "ಕಳವಳ". ಎರಡೂ ಒಂದೇ ಅಲ್ವೇನೇ ಅಮ್ಮಾ ಅಂತ ಕೇಳಿದೆ. ನನ್ನನ್ನ ಪೆದ್ದು ಅನ್ನೋ ಹಾಗೆ ನೋಡಿ, "ಎಂಥ ಒಂದೇ? ದಿಗಿಲು ಅಂದ್ರೆ ಯಾರೋ ಎಬ್ಬಿಸಿದ ಹಾಗೆ ಆಗ್ತದೆ, ಎದ್ದಾಗ ತಲೇಲಿ ಏನೂ ಇರೂದಿಲ್ಲ, ಎದೆ ಮಾತ್ರ ಹಾರ್ತಾ ಇರ್ತದೆ. ಕಳವಳ ಅಂದ್ರೆ ಯೋಚನೆ ಬರ್ತದೆ. ಮನೆ ಬಾಗಿಲು ಹಾಕಿದ್ನಾ, ನಿನ್ನ ಅಪ್ಪ ಕಡೇ ದಿನ ಏನೋ ಹೇಳಕ್ಕೆ ಹೊರಟಿದ್ರಲ್ಲ, ಅದು" ಅಂದಳು.

ಆ ರಾತ್ರಿ ಕೂತು ಎರಡನ್ನೂ ಬೇರೆಬೇರೆ ಮಾಡಿ ವಾಚಿನ ಗ್ರಾಫಿನ ಪಕ್ಕ ಇಟ್ಟೆ. ದಿಗಿಲು 9. ಅದರಲ್ಲಿ 7ಕ್ಕೆ ಸ್ವಲ್ಪ ಮುಂಚೆ ಆಮ್ಲಜನಕದ ಗುಂಡಿ ಇತ್ತು, ಹೆಚ್ಚಿನವು ನಾಲ್ಕು ಗಂಟೆ ಆದಮೇಲೆ. ಕಳವಳ 5. ಅದರಲ್ಲಿ ಗುಂಡಿ ಇದ್ದದ್ದು ಒಂದಕ್ಕೆ ಮಾತ್ರ. ಉಳಿದವು ಮಲಗಿದ ಒಂದೆರಡು ಗಂಟೆಯಲ್ಲೇ ಬಂದವು, ಎದೆಬಡಿತ ಏರಿದೆ, ಆಮ್ಲಜನಕ ಅಲುಗಾಡಿಲ್ಲ.

23 ರಾತ್ರಿ, ಒಬ್ಬಳೇ ಅಮ್ಮ, ನಿಮಿಷದ ಸರಾಸರಿ ಬರೆಯೋ ಹಳೇ ವಾಚು. ಇದರಿಂದ ಯಾವ ಸಿದ್ಧಾಂತವೂ ಹುಟ್ಟಲ್ಲ. ಆದ್ರೆ ಡಾಕ್ಟರು ಅದನ್ನ ನೋಡಿ ಕುರ್ಚಿಯಲ್ಲಿ ಸ್ವಲ್ಪ ಮುಂದೆ ಬಂದು ಕೂತರು. ಕನಸು ಬೀಳೋ ರೆಮ್ ನಿದ್ದೆ ರಾತ್ರಿಯ ಕೊನೆ ಭಾಗದಲ್ಲಿ ಹೆಚ್ಚು, ಆಗ ಮೈಯ ಸ್ನಾಯುಗಳ ಜೊತೆ ಗಂಟಲಿನದ್ದೂ ಸಡಿಲ ಆಗತ್ತೆ, ಹೆಂಗಸರಲ್ಲಿ ಆಪ್ನಿಯಾ ಆ ಹೊತ್ತಿಗೇ ಗುಂಪುಗೂಡೋದು ಸಾಮಾನ್ಯ ಅಂದರು. ರಾತ್ರಿಯ ಪ್ಯಾನಿಕ್ ಆದ್ರೆ ಹೆಚ್ಚಾಗಿ ಕನಸಿಲ್ಲದ ನಿದ್ದೆಯಿಂದ, ಮಲಗಿದ ಮೊದಮೊದಲ ಗಂಟೆಗಳಲ್ಲಿ ಏಳತ್ತಂತೆ. ಅಮ್ಮನ ಎರಡು ಪದ, ರಾತ್ರಿಯ ಎರಡು ಹೊತ್ತು. "ಎರಡೂ ಇರಬಹುದು. ಪರೀಕ್ಷೆ ಮಾಡೋಣ" ಅಂದರು.

ಲ್ಯಾಬಿನ ಪರೀಕ್ಷೆಯ ಬಗ್ಗೆ ಹೆಚ್ಚು ಬರೆಯಲ್ಲ. ತಲೆಗೆ, ಗಲ್ಲಕ್ಕೆ, ಕಣ್ಣ ಪಕ್ಕ, ಕಾಲಿಗೆ ವೈರು, ಎದೆ ಹೊಟ್ಟೆಗೆ ಪಟ್ಟಿ, ಮೂಗಿನಲ್ಲಿ ನಳಿಗೆ, ಬೆರಳಲ್ಲಿ ಆಕ್ಸಿಮೀಟರ್. "ಯಕ್ಷಗಾನಕ್ಕೆ ವೇಷ ಕಟ್ಟಿದ ಹಾಗಾಯ್ತು, ಚೌಕಿ ಇದೇ, ರಂಗಸ್ಥಳ ಎಲ್ಲಿ" ಅಂತ ಕೇಳಿದಳು ಅಮ್ಮ. ಫಲಿತಾಂಶ: ಗಂಟೆಗೆ 24. ರೆಮ್ ನಿದ್ದೆಯಲ್ಲಿ ಮಾತ್ರ ನೋಡಿದರೆ 41. ಆಮ್ಲಜನಕ 79ರವರೆಗೆ ಇಳಿದಿತ್ತು. ರಾತ್ರಿ ಮೂರು ಸಲ ಬಚ್ಚಲಿಗೆ ಏಳ್ತಿದ್ದದ್ದೂ ವಯಸ್ಸಿಗಲ್ಲ, ಇದಕ್ಕೇ ಇರಬಹುದು ಅಂತ ಗೊತ್ತಾಯ್ತು. ಮುಚ್ಚಿದ ಗಂಟಲಿನ ವಿರುದ್ಧ ಉಸಿರೆಳೆಯುವಾಗ ಹೃದಯ ಹಿಗ್ಗಿ, ಮೂತ್ರ ಹೆಚ್ಚಿಸೋ ಹಾರ್ಮೋನು ಬಿಡತ್ತಂತೆ. ಬಿ.ಪಿ. ಮಾತ್ರೆ ಎರಡಕ್ಕೇರಿದ್ದಕ್ಕೂ ಇದರ ಪಾಲಿತ್ತು ಅಂದರು. ಮೊದಲು ಬರೆದುಕೊಟ್ಟಿದ್ದ ಸಣ್ಣ ಮಾತ್ರೆಯ ಜಾತಿಯವು ಕೆಲವರಲ್ಲಿ ಗಂಟಲನ್ನ ಇನ್ನಷ್ಟು ಸಡಿಲ ಮಾಡ್ತವೆ. ಇದ್ದಕ್ಕಿದ್ದ ಹಾಗೆ ನಿಲ್ಲಿಸೋದು ಅಪಾಯ, ಹಾಗಾಗಿ ಡಾಕ್ಟರ ಲೆಕ್ಕದಲ್ಲಿ ವಾರವಾರ ಇಳಿಸಿದ್ದು.

ಚಿಕಿತ್ಸೆ ಸಿಪ್ಯಾಪ್. ಮೂಗಿಗೆ ಮಾಸ್ಕ್ ಹಾಕಿ ಗಾಳಿಯನ್ನ ಒತ್ತಡದಲ್ಲಿ ಬಿಡೋದು, ಗಂಟಲು ಮುಚ್ಚದ ಹಾಗೆ. ಸಿಡ್ನಿಯ ಕಾಲಿನ್ ಸಲ್ಲಿವನ್ 1981ರಲ್ಲಿ ಇದರ ಬಗ್ಗೆ ಮೊದಲು ಪ್ರಕಟಿಸಿದರು. ವ್ಯಾಕ್ಯೂಮ್ ಕ್ಲೀನರಿನ ಮೋಟಾರು ತಿರುಗುಮುರುಗಾಗಿ ಬಳಸಿದ್ದರಂತೆ. ಉಪಾಯ ಚೆನ್ನಾಗಿದೆ, ಆದ್ರೆ ಉಸಿರುಗಟ್ಟೋ ಭಯ ಇರೋರ ಮುಖಕ್ಕೆ ಮಾಸ್ಕ್ ಕಟ್ಟಿದ್ರೆ ಏನಾಗತ್ತೆ ಯೋಚಿಸಿ! ಮೊದಲ ರಾತ್ರಿ ಐದು ನಿಮಿಷಕ್ಕೆ ಕಿತ್ತು ಬಿಸಾಡಿದಳು. "ಬಾಯಿ ಮುಚ್ಚಿ ಹಿಡಿದ ಹಾಗೆ ಆಗ್ತದೆ, ಇದಕ್ಕಿಂತ ದಿಗಿಲೇ ವಾಸಿ" ಅಂದಳು. ಇಲ್ಲಿ ಎರಡು ಕಾಯಿಲೆ ಒಂದರ ಕಾಲಿಗೆ ಇನ್ನೊಂದು ಸುತ್ತಿಕೊಳ್ಳೋದು ಸ್ಪಷ್ಟ ಕಂಡಿತು. ಆಪ್ನಿಯಾದ ಮದ್ದನ್ನ ಆತಂಕ ತಡೀತಿದೆ, ಆಪ್ನಿಯಾ ಆತಂಕವನ್ನ ಸಾಕ್ತಿದೆ. ಆಪ್ತಸಲಹೆಗೆ ಹೋಗ್ತಿದ್ದ ಕಡೆ ಹೇಳಿಕೊಟ್ಟ ಹಾಗೆ, ಸಂಜೆ ಸೀರಿಯಲ್ ನೋಡುವಾಗ ಹದಿನೈದು ನಿಮಿಷ ಮಾಸ್ಕ್ ಹಾಕಿಕೊಂಡು ಕೂರೋದು. ಮೊದಲು ಗಾಳಿ ಇಲ್ಲದೆ, ಆಮೇಲೆ ಕಡಿಮೆ ಗಾಳಿ. ಅತ್ತೆ ಸೊಸೆ ಜಗಳ ನೋಡ್ತಾ ನೋಡ್ತಾ ಹದಿನೇಳು ದಿನಕ್ಕೆ ಅಭ್ಯಾಸ ಆಯ್ತು.

ಆಮೇಲೆ ಮತ್ತೆ ಮೂರು ವಾರ ಡೈರಿ ಬರೆಸಿದೆ. ದಿಗಿಲು ಒಂದೇ ಸಲ, ಅದೂ ಮಾಸ್ಕ್ ಸರಿದಿದ್ದ ದಿನ. ಕಳವಳ ನಾಲ್ಕು ಸಲ. ಅದು ಜಗ್ಗಲಿಲ್ಲ. ಯಾಕೆ ಜಗ್ಗಬೇಕು? ಅಪ್ಪ ಏನು ಹೇಳೋಕೆ ಹೊರಟಿದ್ದರು ಅನ್ನೋದಕ್ಕೆ ಗಾಳಿಯ ಒತ್ತಡದಲ್ಲಿ ಉತ್ತರ ಇಲ್ಲವಲ್ಲ. ಅದಕ್ಕೆ ಹದಿನೈದು ದಿನಕ್ಕೊಮ್ಮೆ ಆಪ್ತಸಲಹೆ ಈಗಲೂ ನಡೀತಿದೆ, ನಿಧಾನಕ್ಕೆ ಇಳೀತಿದೆ. ಆದ್ರೆ ಈಗ ಅಲ್ಲಿ ಅವಳು ಬರೀ ಕಳವಳದ ಬಗ್ಗೆ ಮಾತಾಡ್ತಾಳೆ. ಮುಂಚೆ ದಿಗಿಲಿಗೂ ಒಂದು ಕಾರಣ ಹುಡುಕಿ ಹುಡುಕಿ, ಸಿಗದೇ, ನನ್ನ ಮನಸ್ಸೇ ಕೆಟ್ಟಿದೆ ಅಂತ ಅಂದ್ಕೊಂಡಿದ್ದಳು. ಎರಡು ವರ್ಷ ಹಾಗೆ ಅಂದ್ಕೊಂಡಿದ್ದಳು, ನನಗೆ ಹೇಳಿರಲಿಲ್ಲ.

ವಾಚ್ ಕೊಳ್ಳೋರಿಗೆ ಒಂದು ಮಾತು. 2024ರಲ್ಲಿ ಅಮೆರಿಕದ ಎಫ್‌ಡಿಎ ಆಪ್ನಿಯಾದ ಸುಳಿವು ಕೊಡೋಕೆ ಫೆಬ್ರವರಿಯಲ್ಲಿ ಸ್ಯಾಮ್‌ಸಂಗಿಗೂ ಸೆಪ್ಟೆಂಬರಿನಲ್ಲಿ ಆಪಲ್ಲಿಗೂ ಒಪ್ಪಿಗೆ ಕೊಟ್ಟಿತು. ಸ್ಯಾಮ್‌ಸಂಗ್ ಎರಡು ರಾತ್ರಿಯ ಆಮ್ಲಜನಕ ನೋಡತ್ತೆ. ಆಪಲ್ ಆಮ್ಲಜನಕ ನೋಡೋದೇ ಇಲ್ಲ, ಉಸಿರಿಗೆ ಮಣಿಕಟ್ಟು ಅಲುಗೋ ಸಣ್ಣ ಚಲನೆಯನ್ನ ಮೂವತ್ತು ದಿನ ಕೂಡಿ ನೋಡತ್ತೆ. ಎರಡೂ ಕಂಪನಿಯೇ ಹೇಳೋ ಹಾಗೆ ಅದು ರೋಗ ನಿರ್ಣಯ ಅಲ್ಲ. ಮಧ್ಯಮ, ತೀವ್ರ ಮಟ್ಟದ್ದಕ್ಕೆ ಸುಳಿವು, ಅಷ್ಟೇ. ವಾಚು ಸುಮ್ಮನಿದೆ ಅಂದ್ರೆ ಆಪ್ನಿಯಾ ಇಲ್ಲ ಅಂತಲೂ ಅಲ್ಲ.

ಇನ್ನೊಂದು ಕಾಟವೂ ಇದೆ. ಚಿಕಿತ್ಸೆ ಶುರುವಾದ ಮೇಲೆ ಅಮ್ಮ ಬೆಳಿಗ್ಗೆ ಎದ್ದ ತಕ್ಷಣ ನಿದ್ದೆಯ ಅಂಕ ನೋಡೋಕೆ ಶುರು ಮಾಡಿದಳು. "ಇವತ್ತು 68 ಬಂದದೆ, ನಿನ್ನೆ 81 ಇತ್ತು" ಅಂತ ಮುಖ ಸಣ್ಣ ಮಾಡ್ಕೊಂಡು ಕೂರ್ತಿದ್ದಳು, ಪಿಯುಸಿ ರಿಸಲ್ಟ್ ಬಂದ ಹಾಗೆ. ಇದಕ್ಕೂ ಹೆಸರಿದೆ, ಆರ್ಥೋಸೋಮ್ನಿಯಾ, 2017ರಲ್ಲಿ ಅಮೆರಿಕದ ಕೆಲ್ಲಿ ಬ್ಯಾರನ್ ಮತ್ತವರ ಜೊತೆಯವರು ಇಟ್ಟದ್ದು. ಸಾಧನದ ಅಂಕಕ್ಕಾಗಿ ಚೆನ್ನಾಗಿ ಮಲಗಬೇಕು ಅಂತ ಹಟ ಹಿಡಿದು ನಿದ್ದೆ ಕೆಡಿಸಿಕೊಳ್ಳೋದು. ನಿದ್ದೆಯ ಹಂತಗಳನ್ನ ವಾಚು ಅಲುಗಾಟ, ಎದೆಬಡಿತ ನೋಡಿ ಅಂದಾಜಿಸೋದು, ಮೆದುಳಿನ ಅಲೆ ನೋಡಿ ಅಲ್ಲ. ಆ ಅಂದಾಜಿಗೆ ಅಷ್ಟು ಸಂಕಟ ಪಡೋದು ಬೇಡ ಅಂತ ಅಂಕ ಕಾಣದ ಹಾಗೆ ಮಾಡಿದೆ. ಈಗ ಅವಳ ವಾಚಲ್ಲಿ ಟೈಮು, ಹೆಜ್ಜೆ ಎರಡೇ. ಉಳಿದದ್ದು ನನ್ನ ಫೋನಿಗೆ ಬರತ್ತೆ, ತಿಂಗಳಿಗೊಮ್ಮೆ ಡಾಕ್ಟರಿಗೆ ತೋರಿಸ್ತೀನಿ.

ಡೈರಿ ಮಾತ್ರ ಅವಳು ಬಿಟ್ಟಿಲ್ಲ. ಮೊನ್ನೆ ಕದ್ದು ನೋಡಿದೆ. ದಿಗಿಲು, ಕಳವಳದ ಜೊತೆ ಈಗ ಮೂರನೇ ಪದ ಒಂದು ಸೇರಿದೆ, "ತಳಮಳ". ಅದೇನು ಅಂತ ಕೇಳಿದ್ದಕ್ಕೆ "ಅದು ನಿಮ್ಮ ಬೆಂಗಳೂರಿನ ಊಟದ್ದು, ಡಾಕ್ಟರಿಗೆ ಹೇಳೂದು ಬೇಡ" ಅಂದಳು.

ಓದುಗರಲ್ಲಿ ಯಾರಾದ್ರೂ ಸಿಪ್ಯಾಪ್ ಬಳಸ್ತಾ ಇದ್ದರೆ ಒಂದು ಸಹಾಯ ಆಗಬೇಕಿತ್ತು. ಮಾಸ್ಕಿನ ಪಟ್ಟಿ ಕೆನ್ನೆ ಮೇಲೆ ಗುರುತು ಮಾಡತ್ತೆ, ಹತ್ತು ಗಂಟೆಯಾದ್ರೂ ಹೋಗಲ್ಲ. ಬೆಳಿಗ್ಗೆ ದೇವಸ್ಥಾನಕ್ಕೆ ಹೋದಾಗ ಜನ ಕೇಳ್ತಾರೆ ಅಂತ ಅಮ್ಮನಿಗೆ ನಾಚಿಕೆ. ಹಳೇ ವಾಯಿಲ್ ಸೀರೆಯ ತುಂಡು ಸುತ್ತಿ ನೋಡಿದ್ವಿ, ಜಾರತ್ತೆ. ನೀವೇನು ಮಾಡ್ತೀರಿ?